ಹಳೆಯ ಬೀಗದ ಕೈ, ಹೊಸ ಯಜಮಾನ

ನಮ್ಮ ಊರಿನ ವಾಚನಾಲಯದಲ್ಲಿ ಸಂಜೆ ಐದರ ಹೊತ್ತಿಗೆ ನಾವು ನಾಲ್ಕಾರು ಮಂದಿ ನಿವೃತ್ತರು ಸೇರುವುದು ರೂಢಿ. 2023ರ ಜುಲೈ ತಿಂಗಳ ಕೊನೆಯಲ್ಲಿ ಪಶ್ಚಿಮ ಆಫ್ರಿಕದ ನೈಜರ್ ದೇಶದಲ್ಲಿ ಕಾವಲಿನ ಸೈನಿಕರೇ ತಮ್ಮ ಅಧ್ಯಕ್ಷರನ್ನು ಸೆರೆಯಲ್ಲಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದಕ್ಕೂ ಹಿಂದೆ 2020ರಲ್ಲಿ ಮಾಲಿ, 2021ರಲ್ಲಿ ಗಿನಿ, 2022ರಲ್ಲಿ ಬುರ್ಕಿನಾ ಫಾಸೊ ಇದೇ ದಾರಿ ಹಿಡಿದಿದ್ದವು. ನಮ್ಮ ಗೆಳೆಯರಾದ ನಿವೃತ್ತ ತಹಶೀಲ್ದಾರರೊಬ್ಬರು ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಆ ಜನಕ್ಕೆ ಪ್ರಜಾಪ್ರಭುತ್ವ ಒಗ್ಗೋದಿಲ್ಲ ಬಿಡಿ” ಎಂದರು. ಆ ಮಾತಿನಲ್ಲಿ ತಿರಸ್ಕಾರಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಆದರೂ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಏಕೆಂದರೆ ನಮ್ಮನ್ನು ಆಳುತ್ತಿದ್ದವರೂ ನಮ್ಮ ವಿಚಾರದಲ್ಲಿ ಇದೇ ಮಾತನ್ನು ಆಡುತ್ತಿದ್ದರು. ಮೂವತ್ತು ವರ್ಷ ಇತಿಹಾಸವನ್ನು ಪಾಠ ಹೇಳಿದ ನನಗೆ ಅದಕ್ಕೆ ತಕ್ಕ ಉತ್ತರ ಕೊಡುವ ಹೊಣೆ ಇದೆಯೆಂದು ತೋರಿತು. ಆ ಉತ್ತರವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ನಾಡುಗಳಲ್ಲಿ ಪ್ರಜಾಪ್ರಭುತ್ವ ಬೇರೂರುವುದು ಏಕೆ ಕಷ್ಟವಾಗುತ್ತದೆ? ಬಡತನ, ಅನಕ್ಷರತೆ, ಬುಡಕಟ್ಟುಗಳ ಕಲಹ ಎಂದು ಸಾಮಾನ್ಯವಾಗಿ ಕಾರಣಗಳನ್ನು ಎಣಿಸುವುದುಂಟು. ಇವು ಸುಳ್ಳಲ್ಲ. ಆದರೆ ಇವೆಲ್ಲಕ್ಕೂ ಮಿಗಿಲಾದ ತೊಡಕೊಂದಿದೆ. ಅದು ಕಣ್ಣಿಗೆ ಬೇಗ ಬೀಳುವುದಿಲ್ಲ. ಅದನ್ನು ವಿವರಿಸಲು ಲೋಕದ ಎಲ್ಲ ದೇಶಗಳನ್ನೂ ಸುತ್ತುವುದರ ಬದಲು ಒಂದೇ ದೇಶದ ಕಥೆಯನ್ನು ಕೊಂಚ ನಿಧಾನವಾಗಿ ನೋಡೋಣ. ಆ ದೇಶ ಘಾನಾ.

1957ರ ಮಾರ್ಚ್ 6ರವರೆಗೆ ಅದರ ಹೆಸರು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ಕರಾವಳಿ. ಸಹಾರಾದ ದಕ್ಷಿಣದಲ್ಲಿ ಬ್ರಿಟಿಷರ ಹಿಡಿತದಿಂದ ಮೊದಲಿಗೆ ಬಿಡುಗಡೆ ಹೊಂದಿದ ಆಫ್ರಿಕನ್ ನಾಡುಗಳಲ್ಲಿ ಅದಕ್ಕೆ ಅಗ್ರಸ್ಥಾನ. ಅಂದು ನಡುರಾತ್ರಿ ರಾಜಧಾನಿ ಆಕ್ರಾದ ಪೋಲೋ ಮೈದಾನದಲ್ಲಿ ನಿಂತು ಕ್ವಾಮೆ ಎನ್‌ಕ್ರುಮಾ ಸ್ವಾತಂತ್ರ್ಯವನ್ನು ಸಾರಿದಾಗ ಇಡೀ ಖಂಡದ ಕಣ್ಣು ಅವರ ಮೇಲಿತ್ತು. ಚುನಾಯಿತ ಸಂಸತ್ತು, ಸ್ವತಂತ್ರ ನ್ಯಾಯಾಲಯ, ವಿರೋಧ ಪಕ್ಷ, ಓದುಬರಹ ಬಲ್ಲ ಅಧಿಕಾರಿವರ್ಗ, ಕೋಕೋ ಬೆಳೆಯ ಹಣ — ಪ್ರಜಾಪ್ರಭುತ್ವಕ್ಕೆ ಬೇಕೆಂದು ಪುಸ್ತಕಗಳು ಹೇಳುವ ಬಹುಪಾಲು ಸಾಮಗ್ರಿ ಅಲ್ಲಿತ್ತು. ಹೀಗಿದ್ದೂ ಒಂಬತ್ತು ವರ್ಷ ತುಂಬುವಷ್ಟರಲ್ಲಿ ಅಲ್ಲಿ ಉಳಿದಿದ್ದುದು ಒಂದೇ ಪಕ್ಷ. ಅದನ್ನು ಉರುಳಿಸಿದ್ದು ಸೈನ್ಯ.

ಇದು ಹೇಗಾಯಿತೆಂಬುದನ್ನು ತಿಳಿಯಲು ಆ ನಾಡಿನ ಸ್ವಾತಂತ್ರ್ಯ ಚಳವಳಿಯ ಆರು ಮಂದಿ ನಾಯಕರನ್ನು ಪರಿಚಯ ಮಾಡಿಕೊಳ್ಳಬೇಕು. ಅವರಲ್ಲಿ ಹಿರಿಯರು ಜೆ. ಬಿ. ಡಂಕ್ವಾ. ಲಂಡನ್ನಿನಲ್ಲಿ ಓದಿದ ವಕೀಲರು, ವಿದ್ವಾಂಸರು, ಪತ್ರಿಕೋದ್ಯಮಿ. ಪ್ರಾಚೀನ ಸಾಮ್ರಾಜ್ಯವೊಂದರ ‘ಘಾನಾ’ ಎಂಬ ಹೆಸರನ್ನು ಹೊಸ ನಾಡಿಗೆ ಇಡಬೇಕೆಂದು ಪಟ್ಟುಹಿಡಿದು ವಾದಿಸಿದವರು ಇವರೇ. 1947ರಲ್ಲಿ ಇವರೂ ಇವರ ಸ್ನೇಹಿತರೂ ಸೇರಿ ಒಂದು ರಾಜಕೀಯ ಪಕ್ಷ ಕಟ್ಟಿದಾಗ, ಪೂರ್ಣಾವಧಿ ಕಾರ್ಯದರ್ಶಿಯೊಬ್ಬ ಬೇಕಾಯಿತು. ಅವರಲ್ಲೊಬ್ಬರಾದ ಅಕೋ ಅಜೇ, ವಿದೇಶದಲ್ಲಿದ್ದ ಎನ್‌ಕ್ರುಮಾ ಅವರ ಹೆಸರನ್ನು ಸೂಚಿಸಿದರು. ಎನ್‌ಕ್ರುಮಾ ಆ ವರ್ಷದ ಕೊನೆಯಲ್ಲಿ ತಾಯ್ನಾಡಿಗೆ ಬಂದರು.

1948ರ ಫೆಬ್ರವರಿ 28ರಂದು ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಮಾಜಿ ಸೈನಿಕರು ತಮ್ಮ ಅಹವಾಲನ್ನು ಗವರ್ನರರಿಗೆ ಸಲ್ಲಿಸಲು ಮೆರವಣಿಗೆಯಲ್ಲಿ ಹೊರಟರು. ಪೋಲೀಸರ ಗುಂಡಿಗೆ ಮೂವರು ಬಲಿಯಾದರು. ಪಟ್ಟಣದಲ್ಲಿ ದೊಂಬಿ ಎದ್ದಿತು. ಗವರ್ನರರು ತುರ್ತು ಅಧಿಕಾರದ ಬಲದಿಂದ ಆರು ಮಂದಿ ನಾಯಕರನ್ನು ಹಿಡಿಸಿ, ಯಾವ ವಿಚಾರಣೆಯೂ ಇಲ್ಲದೆ ದೂರದ ಉತ್ತರ ಪ್ರಾಂತ್ಯಕ್ಕೆ ಕಳುಹಿಸಿದರು. ಎನ್‌ಕ್ರುಮಾ, ಡಂಕ್ವಾ, ಅಕೋ ಅಜೇ, ಒಬೆಟ್ಸೆಬಿ ಲ್ಯಾಂಪ್ಟೆ, ವಿಲಿಯಂ ಓಫೋರಿ ಅಟ್ಟಾ, ಎಡ್ವರ್ಡ್ ಅಕುಫೋ ಆಡೋ — ಈ ಆರು ಹೆಸರುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಘಾನಾದ ಜನ ಇವರನ್ನು ‘ಆರು ಹಿರಿಯರು’ ಎಂದು ಇಂದಿಗೂ ಸ್ಮರಿಸುತ್ತಾರೆ; ಅಲ್ಲಿನ ನೋಟುಗಳ ಮೇಲೆ ಇವರ ಚಿತ್ರವಿದೆ.

ಈಗ ಆ ಗವರ್ನರರ ಕೈಯಲ್ಲಿದ್ದ ಆಡಳಿತ ಎಂಥದ್ದೆಂಬುದನ್ನು ನೋಡೋಣ. ವಸಾಹತಿನ ಸರ್ಕಾರ ಜನರಿಗೆ ಉತ್ತರ ಹೇಳಲು ಕಟ್ಟಿದ ಸರ್ಕಾರವಲ್ಲ. ಜನರನ್ನು ಹತೋಟಿಯಲ್ಲಿಡಲು ಕಟ್ಟಿದ್ದು. ಅದಕ್ಕೆ ಮುಖ್ಯವಾಗಿ ಮೂರು ಉಪಕರಣಗಳಿದ್ದವು. ಮೊದಲನೆಯದು ಮೇಲಿನಿಂದ ನೇಮಕಗೊಂಡು ಬರುವ ಜಿಲ್ಲಾ ಅಧಿಕಾರಿ. ಅವನು ಮೇಲಿನವರಿಗೆ ವರದಿ ಕೊಡುತ್ತಾನೆ, ಕೆಳಗಿನವರಿಗೆ ಅಪ್ಪಣೆ ಕೊಡುತ್ತಾನೆ. ಎರಡನೆಯದು ವಿಚಾರಣೆಯಿಲ್ಲದೆ ಸ್ಥಾನಬದ್ಧತೆಯಲ್ಲಿಡುವ ಅಧಿಕಾರ. ಮೂರನೆಯದು 1947ರಲ್ಲಿ ಸ್ಥಾಪನೆಯಾದ ಕೋಕೋ ಮಾರಾಟ ಮಂಡಲಿ. ಇದರ ವ್ಯವಹಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೈತ ತನ್ನ ಕೋಕೋವನ್ನು ಈ ಮಂಡಲಿ ಗೊತ್ತುಮಾಡಿದ ಬೆಲೆಗೆ ಮಾರಬೇಕು. ಮಂಡಲಿ ಅದನ್ನು ಲಂಡನ್ನಿನ ಪೇಟೆಯ ಧಾರಣೆಗೆ ಮಾರುತ್ತದೆ. ಬೆಲೆ ಬಿದ್ದ ಕಾಲದಲ್ಲಿ ರೈತನನ್ನು ಕಾಪಾಡಲೆಂದು ನಡುವಿನ ಹಣವನ್ನು ಕೂಡಿಡುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ರೈತ ತನ್ನ ಹಣವನ್ನು ಕಣ್ಣಿನಿಂದ ನೋಡುವ ಮೊದಲೇ ಅದು ಸರ್ಕಾರದ ಖಜಾನೆ ಸೇರಿರುತ್ತದೆ. ಕಂದಾಯವಾದರೋ ಕೈಯಾರೆ ಕೊಡುವುದು. ಕೊಟ್ಟವನು ಲೆಕ್ಕ ಕೇಳಿಯಾನು. ಇಲ್ಲಿ ಕೇಳುವ ಪ್ರಸಂಗವೇ ಬರುವುದಿಲ್ಲ.

1951ರ ಚುನಾವಣೆಯಲ್ಲಿ ಎನ್‌ಕ್ರುಮಾ ಸೆರೆಮನೆಯಲ್ಲಿದ್ದುಕೊಂಡೇ ಗೆದ್ದರು. ಅಷ್ಟು ಹೊತ್ತಿಗೆ ಅವರು ಡಂಕ್ವಾ ಅವರ ಪಕ್ಷವನ್ನು ಬಿಟ್ಟು ತಮ್ಮದೇ ಪಕ್ಷವನ್ನು ಸ್ಥಾಪಿಸಿದ್ದರು. ಬ್ರಿಟಿಷರು ಅಧಿಕಾರವನ್ನು ಹಂತಹಂತವಾಗಿ ಅವರಿಗೆ ಒಪ್ಪಿಸತೊಡಗಿದರು. ಅಧಿಕಾರದ ಜೊತೆಗೆ ಈ ಮೂರು ಉಪಕರಣಗಳೂ ಅವರ ಕೈಗೆ ಬಂದವು.

1954ರಲ್ಲಿ ಅವರ ಸರ್ಕಾರ ಕೋಕೋ ಬೆಲೆಯನ್ನು 60 ಪೌಂಡಿನ ಹೊರೆಗೆ 72 ಷಿಲಿಂಗ್ ಎಂದು ಕೆಲವು ವರ್ಷಗಳ ಮಟ್ಟಿಗೆ ಕಟ್ಟಿಹಾಕಿತು. ಪೇಟೆಯ ಧಾರಣೆ ಅದಕ್ಕಿಂತ ಎಷ್ಟೋ ಮೇಲಿತ್ತು. ಕೋಕೋ ನಾಡಾದ ಅಶಾಂತಿ ಪ್ರಾಂತ್ಯ ಕೆರಳಿತು. ಕುಮಾಸಿ ನಗರದಲ್ಲಿ ಹೊಸ ವಿರೋಧ ಪಕ್ಷವೊಂದು ಹುಟ್ಟಿತು. ಹೊರಗಿನ ಪತ್ರಿಕೆಗಳು ಇದನ್ನು ಬುಡಕಟ್ಟಿನ ಕಲಹ ಎಂದು ಬರೆದವು. ಅಶಾಂತಿಯ ಅಭಿಮಾನ ಅದರಲ್ಲಿ ಇದ್ದದ್ದು ನಿಜ. ಆದರೆ ಅದರ ಬೇರು ರೈತನ ಹೊರೆಯ ಬೆಲೆಯಲ್ಲಿತ್ತು ಎಂಬುದನ್ನು ಮರೆಯಬಾರದು. ಮಂಡಲಿಯ ಹಣದಿಂದ ಕೊಡುವ ಸಾಲ ಆಳುವ ಪಕ್ಷದವರಿಗೇ ಹೋಗುತ್ತಿದೆಯೆಂಬ ದೂರಿನ ಮೇಲೆ 1956ರಲ್ಲಿ ಒಂದು ವಿಚಾರಣಾ ಆಯೋಗವೂ ಕುಳಿತಿತು. ಅದೇ ವರ್ಷದ ಚುನಾವಣೆಯಲ್ಲಿ 104 ಸ್ಥಾನಗಳ ಪೈಕಿ 71ನ್ನು ಎನ್‌ಕ್ರುಮಾ ಪಕ್ಷ ಗೆದ್ದಿತು. ಗೆಲುವು ನ್ಯಾಯವಾದದ್ದೇ. ಆದರೆ ಸೋತವರು ಅಧಿಕಾರದ ಜೊತೆಗೆ ಸಾಲ, ಗುತ್ತಿಗೆ, ನೌಕರಿ ಎಲ್ಲಕ್ಕೂ ಎರವಾಗುವಂತಿದ್ದರು. ಸೋಲಿಗೆ ಇಷ್ಟು ದೊಡ್ಡ ದಂಡ ತೆರಬೇಕಾದಲ್ಲಿ ಯಾರು ತಾನೆ ಸೋಲಲು ಒಪ್ಪುತ್ತಾರೆ? ಗೆದ್ದವರು ತಾನೆ ಮತ್ತೆ ಸೋಲುವ ಅಪಾಯಕ್ಕೆ ಏಕೆ ಕೈಹಾಕುತ್ತಾರೆ?

ಸ್ವಾತಂತ್ರ್ಯ ಬಂದ ಮರುವರ್ಷ, 1958ರ ಜುಲೈಯಲ್ಲಿ, ಘಾನಾದ ಸಂಸತ್ತು ಮುಂಜಾಗ್ರತಾ ಬಂಧನದ ಕಾಯಿದೆಯನ್ನು ಅಂಗೀಕರಿಸಿತು. ರಾಷ್ಟ್ರದ ಭದ್ರತೆಗೆ ಕುಂದು ತಂದಾರೆಂದು ಸರ್ಕಾರಕ್ಕೆ ತೋರಿದವರನ್ನು ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಎನ್‌ಕ್ರುಮಾ ಅವರನ್ನು ಕೇವಲ ದುಷ್ಟರೆಂದು ಚಿತ್ರಿಸಿದರೆ ಅದು ಅನ್ಯಾಯ. ಅವರು ಶಾಲೆಗಳನ್ನು ತೆರೆದರು, ತೇಮಾ ಬಂದರನ್ನು ಕಟ್ಟಿಸಿದರು, ವೋಲ್ಟಾ ನದಿಗೆ ಅಕೋಸೋಂಬೋದಲ್ಲಿ ಅಣೆಕಟ್ಟು ಹಾಕಿಸಿದರು. ಅವರಿಗೆ ಭಯಪಡಲು ಕಾರಣವೂ ಇತ್ತು. 1962ರ ಆಗಸ್ಟ್‌ನಲ್ಲಿ ಕುಲುಂಗುಗು ಎಂಬಲ್ಲಿ ಅವರ ಮೇಲೆ ಬಾಂಬು ಬಿತ್ತು. ಆದರೆ ಗಮನಿಸಿ: ಕಾಯಿದೆ ಬಾಂಬಿಗಿಂತ ನಾಲ್ಕು ವರ್ಷ ಹಿಂದಿನದು.

ಈ ಕಾಯಿದೆಯಡಿ ಬಂಧಿತರಾದ ಬಾಫೂರ್ ಅಕೋಟೋ ಮತ್ತು ಇತರ ಏಳು ಮಂದಿಯ ಬಿಡುಗಡೆಗಾಗಿ 1961ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರು ವಕೀಲ ಡಂಕ್ವಾ. ಅಧ್ಯಕ್ಷರು ಪದವಿ ಸ್ವೀಕರಿಸುವಾಗ ಪ್ರಜೆಗಳ ಸ್ವಾತಂತ್ರ್ಯವನ್ನು ಕಾಪಾಡುವುದಾಗಿ ಗಂಭೀರವಾಗಿ ಘೋಷಿಸಬೇಕೆಂದು ಸಂವಿಧಾನ ವಿಧಿಸಿತ್ತು. ಆದುದರಿಂದ ಈ ಕಾಯಿದೆ ಊರ್ಜಿತವಲ್ಲ ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ. ಆ ಘೋಷಣೆ ನೈತಿಕ ಕಟ್ಟುಪಾಡು ಮಾತ್ರ, ಕೋರ್ಟು ಅದನ್ನು ಜಾರಿಗೊಳಿಸಲಾರದು, ಅದನ್ನು ಮೀರಿದರೆ ಜನರಿಗೆ ಪರಿಹಾರ ಮತಪೆಟ್ಟಿಗೆಯಲ್ಲಿದೆ ಎಂಬುದು ತೀರ್ಪಿನ ಸಾರಾಂಶ. ತೀರ್ಪು ಬಂದದ್ದು ಆಗಸ್ಟ್‌ನಲ್ಲಿ. ಅಕ್ಟೋಬರಿನಲ್ಲಿ ಅದೇ ಕಾಯಿದೆಯಡಿ ಡಂಕ್ವಾ ಅವರೇ ಬಂಧಿತರಾದರು.

ಮುಂದಿನ ಘಟನೆಗಳು ಒಂದರ ಹಿಂದೊಂದು ನಡೆದವು. 1962ರಲ್ಲಿ ಬಿಡುಗಡೆ ಹೊಂದಿದ ಡಂಕ್ವಾ 1964ರ ಜನವರಿಯಲ್ಲಿ ಮತ್ತೆ ಸೆರೆಯಾದರು. 1965ರ ಫೆಬ್ರವರಿ 4ರಂದು ನ್ಸಾವಾಮ್ ಸೆರೆಮನೆಯಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಅವರು ಪ್ರಾಣ ಬಿಟ್ಟರು. ಒಬೆಟ್ಸೆಬಿ ಲ್ಯಾಂಪ್ಟೆ 1963ರಲ್ಲಿ ಬಂಧನದಲ್ಲಿರುವಾಗಲೇ ತೀರಿಕೊಂಡಿದ್ದರು. ಓಫೋರಿ ಅಟ್ಟಾ ಕೂಡ ಇದೇ ಕಾಯಿದೆಯ ಸೆರೆ ಕಂಡರು. ಎನ್‌ಕ್ರುಮಾ ಅವರ ಹೆಸರನ್ನು ಸೂಚಿಸಿದ್ದ ಅಕೋ ಅಜೇ ಅವರ ಮಂತ್ರಿಯಾಗಿದ್ದವರು. ಬಾಂಬಿನ ಪ್ರಕರಣದಲ್ಲಿ ಆರೋಪಿಯಾದರು. 1963ರ ಡಿಸೆಂಬರಿನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಟ್ಟಾಗ, ಅಧ್ಯಕ್ಷರು ಮುಖ್ಯ ನ್ಯಾಯಾಧೀಶರನ್ನೇ ಪದಚ್ಯುತಗೊಳಿಸಿದರು. ಮರುವಿಚಾರಣೆಯಲ್ಲಿ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಸೆರೆವಾಸಕ್ಕೆ ಇಳಿಸಲಾಯಿತು. ಆ ನ್ಯಾಯಪೀಠದಲ್ಲಿದ್ದ ಎಡ್ವರ್ಡ್ ಅಕುಫೋ ಆಡೋ ಅವರೂ ಸ್ಥಾನ ಕಳೆದುಕೊಂಡರು. ಪದಚ್ಯುತರಾದ ಮುಖ್ಯ ನ್ಯಾಯಾಧೀಶರು ಬೇರೆ ಯಾರೂ ಅಲ್ಲ, ಡಂಕ್ವಾ ಅವರ ವಾದವನ್ನು ತಳ್ಳಿಹಾಕಿ ಮತಪೆಟ್ಟಿಗೆಯನ್ನು ತೋರಿಸಿದ್ದವರೇ. 1964ರ ಜನಮತಗಣನೆ ಏಕಪಕ್ಷ ವ್ಯವಸ್ಥೆಗೆ ನೂರಕ್ಕೆ 99ಕ್ಕೂ ಹೆಚ್ಚು ಮತ ಬಿತ್ತೆಂದು ಸಾರಿತು. 1965ರಲ್ಲಿ ಚುನಾವಣೆಗೆ ಮತದಾನವೇ ನಡೆಯಲಿಲ್ಲ. ಪಕ್ಷ ಹೆಸರಿಸಿದವರೆಲ್ಲ ಅವಿರೋಧವಾಗಿ ಸದಸ್ಯರಾದರು. ಮತಪೆಟ್ಟಿಗೆಗೂ ಬೀಗ ಬಿದ್ದಂತಾಯಿತು.

1948ರಲ್ಲಿ ಪರಕೀಯ ಗವರ್ನರರು ಆರು ಮಂದಿಯನ್ನು ಹಿಡಿದಿದ್ದರು. ಅವರೆಲ್ಲರೂ ಜೀವದಿಂದ ಹಿಂತಿರುಗಿದರು. ಆ ಆರು ಜನರಲ್ಲೊಬ್ಬರು ಅದೇ ಬೀಗದ ಕೈಯನ್ನು ಹಿಡಿದಾಗ ಉಳಿದ ಐವರ ಗತಿ ಹೀಗಾಯಿತು. ನಾನು ಹೇಳಬೇಕೆಂದಿರುವ ತೊಡಕು ಇದೇ. ವಿಮೋಚನೆಯೆಂದರೆ ಆಳುವವನ ಬದಲಾವಣೆ ಎಂದು ತಿಳಿದು, ಅವನ ಉಪಕರಣಗಳನ್ನು ಹಾಗೆಯೇ ಉಳಿಸಿಕೊಳ್ಳುವುದು. ಒಳ್ಳೆಯ ಕೆಲಸಕ್ಕೆ ಬೇಕಾದೀತು, ನಾವೇನೂ ಪರಕೀಯರಲ್ಲವಲ್ಲ ಎಂಬ ನಂಬಿಕೆಯಿಂದಲೇ ಹೊಸ ನಾಯಕರು ಅವುಗಳನ್ನು ಇಟ್ಟುಕೊಳ್ಳುತ್ತಾರೆ.

ಇದನ್ನು ಕೇಳುತ್ತ ನಾವು ನಮ್ಮ ಬೆನ್ನನ್ನು ತಟ್ಟಿಕೊಳ್ಳುವಂತಿಲ್ಲ. ವಿಚಾರಣೆಯಿಲ್ಲದ ಬಂಧನಕ್ಕೆ ಬ್ರಿಟಿಷರು ಬಂಗಾಳದಲ್ಲಿ 1818ರಷ್ಟು ಹಿಂದೆಯೇ ನಿಬಂಧನೆ ರಚಿಸಿದ್ದರು. ನಮ್ಮ ಗಣರಾಜ್ಯ ಹುಟ್ಟಿದ ಮರುತಿಂಗಳೇ, 1950ರ ಫೆಬ್ರವರಿಯಲ್ಲಿ, ನಮ್ಮ ಸಂಸತ್ತೂ ಮುಂಜಾಗ್ರತಾ ಬಂಧನದ ಕಾಯಿದೆ ಮಾಡಿತು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ ಮೊದಲಾದವರು ಬೆಂಗಳೂರಿನಲ್ಲಿಯೇ ಬಂಧಿತರಾಗಿ ಇಲ್ಲಿನ ಕೇಂದ್ರ ಕಾರಾಗೃಹ ಸೇರಿದರು. ಇಂದು ಅಲ್ಲಿ ಫ್ರೀಡಂ ಪಾರ್ಕ್ ಇದೆ. ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದೆಂದು ಹಲವು ಹೈಕೋರ್ಟುಗಳು ಹೇಳಿದರೂ, 1976ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ನಿಂತಿತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ನ್ಯಾಯಾಲಯವೇ ತಪ್ಪೆಂದು ತೊಡೆದುಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆಕ್ರಾದಲ್ಲಿ ಡಂಕ್ವಾ ಎತ್ತಿದ್ದ ಪ್ರಶ್ನೆಯೇ ದೆಹಲಿಯಲ್ಲಿಯೂ ಎದ್ದಿತ್ತು. ನಮಗೂ ಅವರಿಗೂ ವ್ಯತ್ಯಾಸ ರಕ್ತದಲ್ಲಿಲ್ಲ. 1977ರಲ್ಲಿ ಇಲ್ಲಿ ಚುನಾವಣೆ ನಡೆಯಿತು, ಸೋತವರು ಇಳಿದರು. ವ್ಯತ್ಯಾಸವಿದ್ದುದು ಅಲ್ಲಿ.

ಘಾನಾದ ಕಥೆ ಎನ್‌ಕ್ರುಮಾ ಅವರ ಪತನದೊಂದಿಗೆ ಮುಗಿಯಲಿಲ್ಲ. 1966ರ ಫೆಬ್ರವರಿ 24ರಂದು ಅವರು ವಿದೇಶ ಪ್ರವಾಸದಲ್ಲಿದ್ದಾಗ ಸೈನ್ಯ ಮತ್ತು ಪೋಲೀಸರು ಅಧಿಕಾರ ಹಿಡಿದರು. ಜನ ಬೀದಿಯಲ್ಲಿ ಕುಣಿದರು. ಸೆರೆಮನೆಯ ಬಾಗಿಲು ತೆರೆದು ಬಂಧಿತರು ಹೊರಬಂದರು. ಆದರೆ ಕೋಣೆಗಳು ಖಾಲಿ ಉಳಿಯಲಿಲ್ಲ. ಹೊಸ ಸರ್ಕಾರ ಎನ್‌ಕ್ರುಮಾ ಪಕ್ಷದವರನ್ನು ‘ರಕ್ಷಣೆಗಾಗಿ’ ಎಂಬ ಹೆಸರಿನಲ್ಲಿ ವಿಚಾರಣೆಯಿಲ್ಲದೆ ಅದೇ ಕೋಣೆಗಳಲ್ಲಿಟ್ಟಿತು. 1969ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾದ ಪ್ರೊಫೆಸರ್ ಬುಸಿಯಾ ಹತ್ತು ವರ್ಷ ಹಿಂದೆ ಇಂಥದೇ ಬಂಧನಕ್ಕೆ ಅಂಜಿ ದೇಶ ಬಿಟ್ಟವರು. ಪ್ರಜಾಪ್ರಭುತ್ವದ ಮೇಲೆ ಬರೆದ ವಿದ್ವಾಂಸರು. 568 ಮಂದಿ ಸರ್ಕಾರಿ ನೌಕರರನ್ನು ಅವರ ಸರ್ಕಾರ ಒಂದೇ ಸಲಕ್ಕೆ ವಜಾ ಮಾಡಿತು. ಅವರಲ್ಲೊಬ್ಬರ ಪರವಾಗಿ 1970ರಲ್ಲಿ ನ್ಯಾಯಾಲಯ ತೀರ್ಪಿತ್ತಾಗ, ಬೇಡದವರನ್ನು ಕೆಲಸದಲ್ಲಿಟ್ಟುಕೊಳ್ಳುವಂತೆ ಯಾವ ಕೋರ್ಟೂ ಸರ್ಕಾರವನ್ನು ಬಲವಂತಪಡಿಸಲಾರದೆಂದು ಬುಸಿಯಾ ಸಾರಿದರು. 1972ರಲ್ಲಿ ಮತ್ತೆ ಸೈನ್ಯ ಬಂದಿತು. 1979ರಲ್ಲಿ ಕಿರಿಯ ಅಧಿಕಾರಿ ಜೆರ್ರಿ ರಾಲಿಂಗ್ಸ್ ಅವರ ದಂಗೆಯಾಗಿ ಮೂವರು ಮಾಜಿ ರಾಷ್ಟ್ರಮುಖ್ಯಸ್ಥರನ್ನು ಗುಂಡಿಟ್ಟು ಕೊಲ್ಲಲಾಯಿತು. 1982ರ ಜೂನ್ 30ರ ರಾತ್ರಿ ಮೂವರು ಹೈಕೋರ್ಟ್ ನ್ಯಾಯಾಧೀಶರನ್ನೂ ಒಬ್ಬ ನಿವೃತ್ತ ಮೇಜರರನ್ನೂ ಮನೆಗಳಿಂದ ಎತ್ತೊಯ್ದು ಹತ್ಯೆ ಮಾಡಿದರು. ಅಧಿಕಾರ ಕಳೆದುಕೊಳ್ಳುವುದೆಂದರೆ ಪ್ರಾಣವನ್ನೇ ಕಳೆದುಕೊಳ್ಳುವುದು ಎಂಬ ಮಟ್ಟಕ್ಕೆ ಆ ನಾಡು ಬಂದು ಮುಟ್ಟಿತ್ತು.

ಅಲ್ಲಿಂದ ಅದು ಹೇಗೆ ಹಿಂತಿರುಗಿತು? ಯಾವ ಮಹಾಪುರುಷನಿಂದಲೂ ಅಲ್ಲ. ಸರದಿಯ ಮೇಲೆ ಎಲ್ಲರೂ ಸೋತಿದ್ದರು, ಎಲ್ಲರೂ ಸೆರೆ ಕಂಡಿದ್ದರು. 1992ರಲ್ಲಿ ಜನರ ಒಪ್ಪಿಗೆ ಪಡೆದ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳು ಕೇವಲ ಘೋಷಣೆಯಾಗಿ ಉಳಿಯದೆ, ಹೈಕೋರ್ಟಿನ ಮೂಲಕ ಜಾರಿಗೊಳಿಸಬಲ್ಲ ಹಕ್ಕುಗಳಾದವು. ಡಂಕ್ವಾ ಸೋತ ವಾದ ಮೂವತ್ತು ವರ್ಷಗಳ ಮೇಲೆ ಹೀಗೆ ಗೆದ್ದಿತು. 1993ರಲ್ಲಿ ವಿರೋಧ ಪಕ್ಷ ತಂದ ಎರಡು ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಸಭೆ ಸೇರಲು ಪೋಲೀಸರ ಪರವಾನಗಿ ಬೇಕಿಲ್ಲ ಎಂಬುದು ಒಂದು. ಸರ್ಕಾರಿ ಪ್ರಸಾರ ಸಂಸ್ಥೆ ಆಯವ್ಯಯದ ಬಗ್ಗೆ ಸರ್ಕಾರಕ್ಕೆ ಕೊಟ್ಟಷ್ಟೇ ಸಮಯವನ್ನು ವಿರೋಧ ಪಕ್ಷಕ್ಕೂ ಕೊಡಬೇಕು ಎಂಬುದು ಇನ್ನೊಂದು. ಧ್ವನಿವರ್ಧಕ ಎಲ್ಲರದು ಎಂಬ ಈ ತೀರ್ಪನ್ನು ಆಕಾಶವಾಣಿಯ ಭಾಷಣದಲ್ಲಿ ಸ್ಮರಿಸಲು ನನಗೆ ಸಂತೋಷವೆನಿಸುತ್ತದೆ.

2001ರ ಜನವರಿ 7ರಂದು ರಾಲಿಂಗ್ಸ್ ಅಧಿಕಾರವನ್ನು ಚುನಾವಣೆಯಲ್ಲಿ ಗೆದ್ದ ವಿರೋಧ ಪಕ್ಷದ ಕುಫೂರ್ ಅವರಿಗೆ ಒಪ್ಪಿಸಿ ಮನೆಗೆ ಹೋದರು, ಮನೆಯಲ್ಲಿ ಸುರಕ್ಷಿತವಾಗಿದ್ದರು. 2008ರ ಎರಡನೆಯ ಸುತ್ತಿನ ಚುನಾವಣೆಯಲ್ಲಿ ಸುಮಾರು 90 ಲಕ್ಷ ಮತಗಳಲ್ಲಿ 40,586ರ ಅಂತರದಿಂದ ಒಬ್ಬ ಅಭ್ಯರ್ಥಿ ಸೋತು, ಸೋಲನ್ನು ಒಪ್ಪಿಕೊಂಡರು. 2012ರಲ್ಲಿ ಮತ್ತೆ ಸೋತಾಗ ಅವರು ಕೋರ್ಟಿಗೆ ಹೋದರು. ಇಡೀ ನಾಡು ದೂರದರ್ಶನದಲ್ಲಿ ವಿಚಾರಣೆಯನ್ನು ನೋಡಿತು. 2013ರ ಆಗಸ್ಟ್ 29ರ ತೀರ್ಪು ತಮಗೆ ವಿರುದ್ಧವಾಗಿ ಬಂದಾಗ ಅದಕ್ಕೂ ತಲೆಬಾಗಿದರು. 2016ರಲ್ಲಿ ಗೆದ್ದರು. ಅವರ ಹೆಸರು ನಾನಾ ಅಕುಫೋ ಆಡೋ. ಪದಚ್ಯುತರಾದ ನ್ಯಾಯಾಧೀಶ ಎಡ್ವರ್ಡ್ ಅಕುಫೋ ಆಡೋ ಅವರ ಮಗ. ಸೆರೆಮನೆಯಲ್ಲಿ ಪ್ರಾಣಬಿಟ್ಟ ಡಂಕ್ವಾ ಅವರ ಸೋದರ ಸಂಬಂಧದ ಮೊಮ್ಮಗ. 2024ರ ಡಿಸೆಂಬರಿನಲ್ಲಿ ಸೋತ ಅವರ ಪಕ್ಷದ ಅಭ್ಯರ್ಥಿ, ಅಧಿಕೃತ ಫಲಿತಾಂಶ ಹೊರಬರುವ ಮೊದಲೇ ಎದುರಾಳಿ ಮಹಾಮಾ ಅವರಿಗೆ ಅಭಿನಂದನೆ ಹೇಳಿದರು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆ ದೇಶ 2022ರಲ್ಲಿ ಹೊರಗಿನ ಸಾಲ ತೀರಿಸಲಾರದೆ ಕೈಚೆಲ್ಲಿತು. 1992ರ ಸಂವಿಧಾನವೇ ಜಿಲ್ಲೆಗಳ ಮುಖ್ಯಾಧಿಕಾರಿಯನ್ನು ಜನ ಚುನಾಯಿಸದೆ ಅಧ್ಯಕ್ಷರು ಹೆಸರಿಸಿ, ಸ್ಥಳೀಯ ಸಭೆ ಒಪ್ಪುವ ಕ್ರಮವನ್ನು ಇಟ್ಟಿತು. ಹಳೆಯ ಜಿಲ್ಲಾ ಅಧಿಕಾರಿಯ ನೆರಳು ಅದು. ಗೆದ್ದ ಪಕ್ಷಕ್ಕೆ ಎಲ್ಲವೂ ಎಂಬ ದೂರು ಅಲ್ಲಿ ಅಡಗಿಲ್ಲ. ನಮ್ಮ ಸಂವಿಧಾನದ 22ನೆಯ ವಿಧಿಯಲ್ಲಿಯೂ ಮುಂಜಾಗ್ರತಾ ಬಂಧನಕ್ಕೆ ಎಡೆಯಿದೆ ಎಂಬುದನ್ನು ಇದರ ಜೊತೆಗೇ ನೆನೆಯಬೇಕು.

ಆದುದರಿಂದ ಒಂದು ದೇಶದ ಪ್ರಜಾಪ್ರಭುತ್ವವನ್ನು ಅಳೆಯಲು ಗೆದ್ದವರ ಮೆರವಣಿಗೆಯನ್ನು ನೋಡಿದರೆ ಸಾಲದು. ಸೋತವನು ಆ ರಾತ್ರಿ ತನ್ನ ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಬಲ್ಲನೆ, ಅವನ ಕಡೆಯ ರೈತನಿಗೆ ಸಾಲ ಸಿಕ್ಕೀತೆ, ಅವನ ಮಾತಿಗೆ ಧ್ವನಿವರ್ಧಕ ಉಂಟೆ ಎಂದು ಕೇಳಬೇಕು.

ಇಷ್ಟನ್ನೂ ನಮ್ಮ ತಹಶೀಲ್ದಾರರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಮೇಷ್ಟ್ರೇ, ನಾನು ತಾಲ್ಲೂಕು ಕಚೇರಿಯ ಚಾರ್ಜು ತಗೊಂಡಾಗ ಬೀಗದ ಕೈಗಳ ಒಂದು ಗೊಂಚಲು ಕೊಟ್ಟರು. ಎಣಿಸಿ ರುಜು ಹಾಕಿದೆ. ಅದರಲ್ಲಿ ಎರಡು ಯಾವ ಬೀಗದ್ದು ಅಂತ ಕೊನೆಯವರೆಗೂ ಕೇಳಲೇ ಇಲ್ಲ. ನನ್ನ ನಂತರ ಬಂದವರಿಗೂ ಎಣಿಸಿ ಕೊಟ್ಟುಬಂದೆ” ಎಂದರು. ವಾಚನಾಲಯದ ಹುಡುಗ ದೀಪ ಆರಿಸಲು ಬಂದು ನಿಂತಿದ್ದ. ನಾವು ಎದ್ದೆವು.